ಡಬ್ಬಿಯ ಮೇಲಿನ 31 ನಿಮಿಷ: ಕಲಬುರಗಿ ಸೀಮೆಯಲ್ಲಿ ಕ್ಯಾಮೆರಾ ಡ್ರೋನ್ ಕಲಿಯುವವರಿಗೆ ಟಿಪ್ಪಣಿ

ಡಿಜೆಐ ಕಂಪನಿಯ ಮಿನಿ 2 ಡ್ರೋನ್ ಒಂದು ಬ್ಯಾಟರಿಗೆ 31 ನಿಮಿಷ ಹಾರುತ್ತದೆ ಎಂದು ಕಂಪನಿ ಹೇಳುತ್ತದೆ. ಗಾಳಿಯೇ ಇಲ್ಲದ ಕಡೆ, ಗಂಟೆಗೆ 17 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹಾರಿಸಿ ತೆಗೆದ ಲೆಕ್ಕ ಅದು. ಜೇವರ್ಗಿಯ ಎರೆಹೊಲದ ಮೇಲೆ ಬೇಸಿಗೆ ಗಾಳಿಯಲ್ಲಿ ಅಷ್ಟು ಸಿಗುವುದಿಲ್ಲ. ಎಷ್ಟು ಸಿಗುತ್ತದೆ, ಉಳಿದದ್ದು ಎಲ್ಲಿ ಹೋಗುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಡ್ರೋನ್ ಮನೆಗೆ ಬರುತ್ತದೆ. ಹವ್ಯಾಸಿಗಳ ಕೈಯಲ್ಲಿ ಇದು ಹೆಚ್ಚು ಕಾಣುವುದರಿಂದ ಉದಾಹರಣೆಗೆ ಇದನ್ನೇ ಹಿಡಿದಿದೆ. ಬೇರೆ ಮಾಡೆಲ್ ಆದರೆ ಅಂಕಿ ಬದಲಾಗುತ್ತದೆ, ಲೆಕ್ಕ ಮಾಡುವ ರೀತಿ ಇದೇ.

ಮೊದಲು ನಕ್ಷೆ

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಹೆಚ್ಚಿದ್ದು 2 ಕೆ.ಜಿ.ವರೆಗೆ ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಮೈಕ್ರೊಗೆ ಸ್ವಂತ ಹವ್ಯಾಸಕ್ಕಾದರೆ ಬೇಡ, ದುಡ್ಡಿಗೆ ಮದುವೆ ಶೂಟಿಂಗ್ ಹಿಡಿದರೆ ಬೇಕು. ಮಿನಿ 2ರ ತೂಕ 249 ಗ್ರಾಂ. ರೆಕ್ಕೆಗಳಿಗೆ ಗಾರ್ಡ್ ಸಿಕ್ಕಿಸಿದ ಕ್ಷಣವೇ ಅದು 250 ದಾಟಿ ಮೈಕ್ರೊ ಆಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಎರಡಕ್ಕೂ ನೋಂದಣಿ ಸಂಖ್ಯೆ, ಅಂದರೆ ಯುಐಎನ್, ಬೇಕೇ ಬೇಕು. ವಿದೇಶದಲ್ಲಿ ತಯಾರಾದ ಡ್ರೋನ್ ಆಮದು 2022ರ ಫೆಬ್ರುವರಿಯಿಂದ ನಿಷೇಧವಾಗಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೆಲೆಗಿಂತ ಮೊದಲು ಯುಐಎನ್ ಕಾಗದ ಕೇಳಿ.

ಎಲ್ಲಿ ಹಾರಿಸಬಹುದು ಎಂದು ಸರ್ಕಾರದ ಡ್ರೋನ್ ನಕ್ಷೆ ಬಣ್ಣದ ವಲಯಗಳಲ್ಲಿ ತೋರಿಸುತ್ತದೆ. ಅದರ ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್, ಅಂದರೆ 400 ಅಡಿ, ಎತ್ತರದವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ ಆ ಮಿತಿ 60 ಮೀಟರ್‌ಗೆ ಇಳಿಯುತ್ತದೆ. ಇನ್ನೂ ಹತ್ತಿರ ಹೋದರೆ ಅನುಮತಿ ಇಲ್ಲದೆ ಎತ್ತುವಂತಿಲ್ಲ. ಕಲಬುರಗಿ ವಿಮಾನ ನಿಲ್ದಾಣ ಸೇಡಂ ರಸ್ತೆ ಕಡೆ ಇದೆ. ದೂರವನ್ನು ಟರ್ಮಿನಲ್‌ನಿಂದಲ್ಲ, ಗಡಿಯಿಂದ ಅಳೆಯಬೇಕು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಅದೇ. ಬೀದರ್ ಊರೊಳಗೆ ಡ್ರೋನ್ ಎತ್ತುವ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಬೀದರ್ ಕೋಟೆ, ಗವಾನ್ ಮದರಸಾ, ಕಲಬುರಗಿ ಕೋಟೆ, ಹಫ್ತ್ ಗುಂಬಜ್ ಇವೆಲ್ಲ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಅಲ್ಲಿ ವಲಯದ ಬಣ್ಣ ಏನೇ ಇರಲಿ, ಇಲಾಖೆಯ ಅನುಮತಿ ಬೇರೆಯೇ ಬೇಕು. ಕಲಿಯುವವರಿಗೆ ಊರಾಚೆಯ ಖಾಲಿ ಹೊಲದಷ್ಟು ಒಳ್ಳೆಯ ಜಾಗ ಇಲ್ಲ.

31 ನಿಮಿಷ ಎಲ್ಲಿ ಹೋಗುತ್ತದೆ

ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಅದಕ್ಕೇ ಡ್ರೋನ್ ಬೇಗ ಇಳಿಯುತ್ತದೆ ಎನ್ನುವವರು ಬಹಳ. ಮಾತು ನಿಜವೇ, ಆದರೆ ಅದರ ಪಾಲು ಸಣ್ಣದು. 15 ಡಿಗ್ರಿಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 8 ಕಡಿಮೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿರುವುದರಿಂದ ಇನ್ನೊಂದು ಶೇ 5 ಹೋಗುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ, ಅಂದರೆ ಖರ್ಚು ಹೆಚ್ಚುವುದು ಸುಮಾರು ಶೇ 7 ಮಾತ್ರ. 31 ಹೋಗಿ 29 ಆಯಿತು. ಅದರಲ್ಲಿ ಶೇ 30 ಚಾರ್ಜನ್ನು ವಾಪಸು ಬರಲು ಮುಟ್ಟದೆ ಇಟ್ಟರೆ ಉಳಿದದ್ದು 20. ತಿರುವು, ಏರಿಳಿತ, ಗಾಳಿಗೆ ತಡೆದು ನಿಲ್ಲುವುದು ಕಳೆದರೆ ಕೈಗೆ ಸಿಗುವುದು 16, 17 ನಿಮಿಷ. ಶೂಟಿಂಗ್ ಯೋಜನೆಯನ್ನು ಇಷ್ಟಕ್ಕೇ ಹಾಕಿಕೊಳ್ಳಿ.

ಡ್ರೋನ್ ಕಳೆದುಹೋಗುವುದು ಗಾಳಿಯಿಂದ. ಮಿನಿ 2 ಸಾಮಾನ್ಯ ಮೋಡ್‌ನಲ್ಲಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಮೇಲೆ 6 ಮೀಟರ್ ವೇಗದ ಗಾಳಿ ಇದೆ ಎಂದುಕೊಳ್ಳಿ. ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ 16 ಮೀಟರ್ ವೇಗ ಸಿಗುತ್ತದೆ, 1 ಕಿ.ಮೀ. ದೂರ ಒಂದೇ ನಿಮಿಷ. ಪರದೆಯಲ್ಲಿ ವೇಗ ನೋಡಿ ಖುಷಿಯಾಗುತ್ತದೆ. ವಾಪಸು ಬರುವಾಗ ಉಳಿಯುವುದು 4 ಮೀಟರ್, ಅದೇ ದೂರಕ್ಕೆ 250 ಸೆಕೆಂಡ್, ನಾಲ್ಕು ನಿಮಿಷಕ್ಕೂ ಹೆಚ್ಚು. ಬ್ಯಾಟರಿ ಅರ್ಧ ಆದಾಗ ತಿರುಗಿಸುತ್ತೇನೆ ಎಂಬ ಲೆಕ್ಕ ಇಲ್ಲೇ ಮುಗ್ಗರಿಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರಲಿ. ಆಗಲೇ ದೂರ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಎತ್ತರ ಇಳಿಸಿ, ಕೆಳಗೆ ಗಾಳಿ ಕಡಿಮೆ. ಆಮೇಲೆ ಸ್ಪೋರ್ಟ್ ಮೋಡ್ ಹಾಕಿ, ಅದರ ವೇಗ ಸೆಕೆಂಡಿಗೆ 16 ಮೀಟರ್: 16ರಲ್ಲಿ 6 ಕಳೆದರೂ 10 ಉಳಿಯುತ್ತದೆ.

ಗಾಳಿ ಅಳೆಯುವ ಉಪಕರಣ ಇಲ್ಲದಿದ್ದರೆ ಬೇವಿನ ಮರ ನೋಡಿ. ಎಲೆ, ಎಳೆ ಕಡ್ಡಿ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿಯ ವೇಗ ಸೆಕೆಂಡಿಗೆ 3.5ರಿಂದ 5 ಮೀಟರ್. ಸಣ್ಣ ಟೊಂಗೆ ಅಲ್ಲಾಡಿ ನೆಲದ ಧೂಳು, ಕಾಗದ ಏಳುತ್ತಿದ್ದರೆ 5.5ರಿಂದ 8. ಎಳೆಯ ಗಿಡ ಬುಡಸಮೇತ ತೂಗುತ್ತಿದ್ದರೆ ಡ್ರೋನ್ ಚೀಲದಲ್ಲೇ ಇರಲಿ. ಇದು ನೆಲದ ಹತ್ತಿರದ ಮಾತು. 100 ಮೀಟರ್ ಮೇಲೆ ಒಂದೂವರೆ ಪಟ್ಟು ಎಂದು ಹಿಡಿಯುವುದು ಲೇಸು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎರೆಹೊಲದಲ್ಲಿ ಏಳುವ ಸುಳಿಗಾಳಿಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಬ್ಯಾಟರಿಗೆ ಬಿಸಿಲು

ಕಂಪನಿ ಕೊಟ್ಟ ಮಿತಿ 0ರಿಂದ 40 ಡಿಗ್ರಿ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಿನ ಉಷ್ಣಾಂಶವೇ 42 ದಾಟುತ್ತದೆ, ಬಾಗಿಲು ಮುಚ್ಚಿದ ಕಾರಿನೊಳಗಿನದು ಕೇಳಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದ 8.30, ಅಷ್ಟೇ.

ಲಿಥಿಯಂ ಬ್ಯಾಟರಿಯನ್ನು ಕೆಡಿಸುವುದು ಎರಡು ಸಂಗತಿ ಒಟ್ಟಿಗೆ ಸೇರಿದಾಗ: ತುಂಬಿದ ಚಾರ್ಜ್ ಮತ್ತು ಬಿಸಿ. ಶೇ 100 ಚಾರ್ಜ್ ಮಾಡಿ ನಾಲ್ಕು ದಿನ ತಗಡಿನ ಮನೆಯ ಕಪಾಟಿನಲ್ಲಿಟ್ಟರೆ ಒಳಗೆ ಅನಿಲ ಹುಟ್ಟಿ ಹೊಟ್ಟೆ ಉಬ್ಬಬಹುದು. ಹಾರಿಸುವ ಹಿಂದಿನ ರಾತ್ರಿ ಚಾರ್ಜ್ ಮಾಡಿ, ಹಾರಿಸದೆ ಇಡುವುದಾದರೆ ಶೇ 40ರಿಂದ 60ರಲ್ಲಿಡಿ. ಇಳಿದ ಕೂಡಲೇ ಚಾರ್ಜಿಗೆ ಹಾಕಬಾರದು. ಕೈಗೆ ಬೆಚ್ಚಗಿಲ್ಲ ಅನ್ನಿಸುವವರೆಗೆ ನೆರಳಲ್ಲಿ ಬಿಡಿ. ಉಬ್ಬಿದ ಬ್ಯಾಟರಿ ಡ್ರೋನಿನೊಳಗೆ ಬಿಗಿಯಾಗಿ ಕೂರುತ್ತದೆ, ಕ್ಲಿಪ್ ಪೂರ್ತಿ ಬೀಳುವುದಿಲ್ಲ, ಹಾರುವಾಗಲೇ ಕಳಚಬಹುದು. ಚಪ್ಪಟೆ ಫರಸಿ ಮೇಲಿಟ್ಟು ನೋಡಿ: ಅಲ್ಲಾಡಿದರೆ ಅದರ ಕೆಲಸ ಮುಗಿಯಿತು. ಆ್ಯಪ್‌ನಲ್ಲಿ ಬ್ಯಾಟರಿಯೊಳಗಿನ ಎರಡು ಸೆಲ್‌ಗಳ ವೋಲ್ಟೇಜ್ ನೋಡಿ, ಹಾರುತ್ತಿರುವಾಗ ಅವುಗಳ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಅಂತರ ಬರುತ್ತಿದ್ದರೆ ಆ ಬ್ಯಾಟರಿಯನ್ನು ದೂರಕ್ಕೆ ಕಳಿಸಬೇಡಿ.

ಎಲ್ಲಿಂದ ಎತ್ತಬೇಕು

ಮನೆಯ ಆರ್‌ಸಿಸಿ ಮಾಳಿಗೆ ಸಲೀಸು ಅನ್ನಿಸುತ್ತದೆ, ಆದರೆ ಅದರೊಳಗಿನ ಕಬ್ಬಿಣದ ಸಲಾಕೆ ದಿಕ್ಸೂಚಿಯನ್ನು ಕೆಡಿಸುತ್ತದೆ. ತಪ್ಪು ದಿಕ್ಕು ಹಿಡಿದ ಡ್ರೋನ್ ನಿಂತಲ್ಲಿ ನಿಲ್ಲದೆ ಸುತ್ತು ದೊಡ್ಡದು ಮಾಡಿಕೊಂಡು ಓಡಲು ಶುರು ಮಾಡುತ್ತದೆ. ಟ್ರ್ಯಾಕ್ಟರ್, ಕಾರು, ಕಬ್ಬಿಣದ ಗೇಟಿನಿಂದಲೂ ದೂರ ಇರಿ. ನೆಲದ ಮೇಲೆ ಹಾಸಿದ ಶಹಾಬಾದ್ ಫರಸಿ ಸಿಕ್ಕರೆ ಅದೇ ಒಳ್ಳೆಯ ಜಾಗ: ಸಪಾಟು, ಸುಣ್ಣಕಲ್ಲು, ಕಬ್ಬಿಣದ ಕಾಟವಿಲ್ಲ. ಹೊಲದಲ್ಲಾದರೆ ಒಂದು ಮೀಟರ್ ಅಗಲದ ತಾಡಪತ್ರಿ ಹಾಸಿ ನಾಲ್ಕು ಮೂಲೆಗೆ ಕಲ್ಲಿಡಿ. ಕಲ್ಲಿಡದಿದ್ದರೆ ರೆಕ್ಕೆಯ ಗಾಳಿಗೆ ತಾಡಪತ್ರಿಯೇ ಎದ್ದು ರೆಕ್ಕೆಗೆ ಸುತ್ತಿಕೊಳ್ಳುತ್ತದೆ.

ಒಣಗಿದ ಎರೆಮಣ್ಣಿನ ಧೂಳು ಹಿಟ್ಟಿನಂಥದು, ಮೋಟರಿನ ಬೇರಿಂಗಿಗೂ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ) ಸಂದಿಗೂ ಇಳಿಯುತ್ತದೆ. ಹಾರಿಸಿದ ದಿನ ಸಂಜೆ ಬ್ಯಾಟರಿ ತೆಗೆದು ನಾಲ್ಕೂ ಮೋಟರನ್ನು ಬೆರಳಿನಿಂದ ತಿರುಗಿಸಿ ನೋಡಿ. ಮೂರು ನುಣುಪಾಗಿ ತಿರುಗಿ ಒಂದು ಕರಕರ ಅಂದರೆ ಅದರಲ್ಲಿ ಮಣ್ಣಿದೆ. ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆಯಿರಿ. ಪಂಕ್ಚರ್ ಅಂಗಡಿಯ ಏರ್ ಹಿಡಿಸಬೇಡಿ: ಅದರಲ್ಲಿ ನೀರಿನ ಹನಿ ಇರುತ್ತದೆ, ಒತ್ತಡಕ್ಕೆ ಗಿಂಬಲ್‌ನ ತೆಳು ಕೇಬಲ್ ಕೀಳುತ್ತದೆ. ರೆಕ್ಕೆ ಬದಲಿಸುವಾಗ ಗುರುತಿರುವ ರೆಕ್ಕೆ ಗುರುತಿರುವ ತೋಳಿಗೇ ಹೋಗಬೇಕು. ಅದಲುಬದಲಾದರೆ ಎತ್ತಿದ ಕೂಡಲೇ ಮಗುಚಿ ಬೀಳುತ್ತದೆ. ಒಂದು ಅಲಗು ಚಕ್ಕೆ ಎದ್ದಿದ್ದರೂ ಆ ಮೋಟರಿನ ಎರಡನ್ನೂ ಬದಲಿಸಿ.

ಮನೆಗೆ ಮರಳುವ ಎತ್ತರ

ಮಿನಿ 2ಕ್ಕೆ ಎದುರಿನ ಅಡ್ಡಿ ಕಾಣುವ ಕಣ್ಣಿಲ್ಲ, ಕೆಳಗಿನದು ಮಾತ್ರ. ಸಿಗ್ನಲ್ ಹೋದಾಗ ನೀವು ಹಾಕಿಟ್ಟ ಎತ್ತರಕ್ಕೆ ಏರಿ ನೆಟ್ಟಗೆ ಬರುತ್ತದೆ. ಬಯಲಲ್ಲಿ ಹೈಟೆನ್ಷನ್ ಟವರ್ ಮೀರುವಂತೆ 60, 70 ಮೀಟರ್ ಸಾಕು. ಆದರೆ ಆ ಎತ್ತರದ ಸೊನ್ನೆ ಎಂದರೆ ಡ್ರೋನ್ ಎತ್ತಿದ ಜಾಗ. ಯಾದಗಿರಿ ಕಡೆಯ ಗುಡ್ಡದ ಬುಡದಲ್ಲಿ ಎತ್ತಿ ಗುಡ್ಡದಾಚೆ ಹೋದರೆ 60 ಮೀಟರ್ ಎನ್ನುವುದು ಬಂಡೆಯೊಳಗಿನ ದಾರಿ. ಗುಡ್ಡದ ಮೇಲಿಂದ ಎತ್ತಿ ಬಯಲಿಗೆ ಹೋದರೆ ಪರದೆಯಲ್ಲಿ 100 ಅಂತಿದ್ದರೂ ನೆಲದಿಂದ 120 ದಾಟಿರಬಹುದು. ಪರದೆಯಲ್ಲಿ ಹೋಮ್ ಪಾಯಿಂಟ್, ಅಂದರೆ ಡ್ರೋನ್ ಮರಳಬೇಕಾದ ಜಾಗ, ದಾಖಲಾಯಿತು ಎಂಬ ಸಂದೇಶ ಬರುವವರೆಗೆ ತಲೆಮಟ್ಟಕ್ಕಿಂತ ಮೇಲೇರಿಸಬೇಡಿ.

ಹದ್ದು ಸುತ್ತು ಹಾಕಲು ಶುರು ಮಾಡಿದರೆ ಇಳಿಸುವ ಬದಲು ಮೇಲಕ್ಕೆ ಏರಿಸಿ, ಅದು ಎರಗುವುದು ಮೇಲಿನಿಂದ. ಸಂಕ್ರಾಂತಿ ಸುಮಾರಿಗೆ ಗಾಳಿಪಟದ ಮಾಂಜಾ ಪರದೆಯಲ್ಲಿ ಕಾಣುವುದಿಲ್ಲ. ಆ ವಾರ ಊರಿನ ಮೇಲೆ ಬೇಡವೇ ಬೇಡ.

ಕ್ಯಾಮೆರಾ

ಫೋಟೊಗೆ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕಿಲ್ಲ. ವಿಡಿಯೊಗೆ ಶಟರ್ ವೇಗ ಫ್ರೇಮ್ ದರದ ಇಮ್ಮಡಿ ಇದ್ದರೆ ಚಲನೆ ನುಣುಪಾಗಿ ಕಾಣುತ್ತದೆ: ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ 1/50 ಸೆಕೆಂಡ್. ಡಿಸೆಂಬರ್ ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸಂವೇದನೆ) 100, ಎಫ್/2.8 (ಲೆನ್ಸ್ ತೆರೆದಿರುವ ಅಳತೆ) ಇಟ್ಟರೆ ಶಟರ್ 1/3200ಕ್ಕೆ ಹೋಗುತ್ತದೆ. 3200ನ್ನು 50ರಿಂದ ಭಾಗಿಸಿ, 64 ಬಂತು. ಬೇಕಾದ್ದು ಎನ್‌ಡಿ 64. ಎಳೆಬಿಸಿಲಲ್ಲಿ 1/800 ತೋರಿಸಿದರೆ ಎನ್‌ಡಿ 16. ಡ್ರೋನ್ ಆನ್ ಮಾಡುವ ಮೊದಲೇ ಫಿಲ್ಟರ್ ಹಾಕಿ, ಗಿಂಬಲ್ ಕವಚವನ್ನೂ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಗಿಂಬಲ್ ಮೋಟರ್ ತಿಣುಕಿ ಎರರ್ ಕೊಡುತ್ತದೆ. ವಿಡಿಯೊ ಅಲೆ ಅಲೆಯಾಗಿ ನಡುಗಿದರೆ ಫಿಲ್ಟರ್ ಅದನ್ನು ಒಂದಿಷ್ಟು ಮುಚ್ಚಿಹಾಕುತ್ತದೆ, ಅಷ್ಟೇ. ಹೆಚ್ಚಿನ ಸಲ ಅದರ ಮೂಲ ಚಕ್ಕೆ ಎದ್ದ ರೆಕ್ಕೆಯಲ್ಲಿರುತ್ತದೆ. ತೊಗರಿ ಹೂಬಿಟ್ಟ ಹೊಲಕ್ಕೆ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡದೆ 5500 ಕೆಲ್ವಿನ್‌ಗೆ ನಿಲ್ಲಿಸಿ. ಕ್ಯಾಮೆರಾ ಹೊಲದಿಂದ ಆಕಾಶಕ್ಕೆ ತಿರುಗಿದರೂ ಹಳದಿ ಹಳದಿಯಾಗಿಯೇ ಉಳಿಯುತ್ತದೆ.