‘ಮಗಳು ಹಿಸ್ಟರಿ ತಗೋತೀನಿ ಅಂತಾಳೆ, ಮುಂದೇನು ಸರ್?’

ಪಿಯುಸಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ತಪ್ಪಿದ್ದಲ್ಲ. ಈ ಸಲ ಕೇಳಿದವರು ತೀರ್ಥಹಳ್ಳಿ ಕಡೆಯ ಒಬ್ಬ ತಂದೆ. “ಬಿಎ ಮಾಡ್ತಾಳಂತೆ, ಆಮೇಲೆ ಶಂಕರಘಟ್ಟದ ಕುವೆಂಪು ಯೂನಿವರ್ಸಿಟಿಯಲ್ಲಿ ಎಂಎ ಅಂತೆ. ಇಸವಿ ಬಾಯಿಪಾಠ ಮಾಡಿದ್ರೆ ಹೊಟ್ಟೆ ತುಂಬುತ್ತಾ ಸರ್?”

ಹೊಟ್ಟೆಯ ಮಾತು ಮೊದಲು ಮುಗಿಸಿಬಿಡೋಣ, ಹೇಳಿ ಹೇಳಿ ನನಗೂ ಸಾಕಾಗಿದೆ. ಬಿಎ ಮೇಲೆ ಬಿಎಡ್ ಮಾಡಿದರೆ ಹೈಸ್ಕೂಲು. ಎಂಎ, ಬಿಎಡ್ ಎರಡೂ ಇದ್ದರೆ ಪಿಯು ಕಾಲೇಜು. ಎಂಎಯಲ್ಲಿ 55 ಪರ್ಸೆಂಟ್ ತೆಗೆದು, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಡಿಗ್ರಿ ಕಾಲೇಜಿಗೆ ಅರ್ಜಿ ಹಾಕಬಹುದು. ನೆಟ್‌ನಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಇತಿಹಾಸವನ್ನೇ ಆಯ್ಕೆ ವಿಷಯ ಮಾಡಿಕೊಂಡರೆ ಅದಕ್ಕೇ 500 ಅಂಕ. ಲಾಯರ್ ಆಗಬೇಕೆನಿಸಿದರೆ ಬಿಎ ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಪುರಾತತ್ವ, ಮ್ಯೂಸಿಯಂ, ಪತ್ರಾಗಾರದಲ್ಲಿ ಹುದ್ದೆ ಕಡಿಮೆ, ಕಾಯಬೇಕು, ಸುಳ್ಳು ಹೇಳಲ್ಲ. ಆದರೆ ಶಾಸನ ಓದಲು ಕಲಿತವರಿಗೆ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ಶಾಖೆ ನಮ್ಮ ಮೈಸೂರಿನಲ್ಲೇ ಇದೆ.

ಈಗ ಆ ‘ಇಸವಿ ಬಾಯಿಪಾಠ’ಕ್ಕೆ ಬರುತ್ತೇನೆ. ಇಪ್ಪತ್ತು ವರ್ಷದಿಂದ ಇದನ್ನು ಕಿತ್ತು ಹಾಕುತ್ತಿದ್ದೇನೆ, ಗದ್ದೆಯ ಕಳೆ ಹಾಗೆ ಮತ್ತೆ ಚಿಗುರುತ್ತದೆ. ತಪ್ಪು ನಮ್ಮ ಮೇಷ್ಟ್ರುಗಳದ್ದೂ ಹೌದು. ‘ಬಿಟ್ಟ ಸ್ಥಳ ತುಂಬಿರಿ’ ಅಂತ ಕೇಳಿ ಕೇಳಿ ನಾವೇ ಬಿತ್ತಿದ್ದು.

ತಾಳಗುಂದಕ್ಕೆ ಹೋಗಿದ್ದೀರಾ? ಶಿಕಾರಿಪುರ ತಾಲ್ಲೂಕು. ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಂಬ ಇದೆ. ಕದಂಬರ ಕಥೆ ನಮಗೆ ಗೊತ್ತಾಗಿದ್ದೇ ಬಹುಪಾಲು ಅದರಿಂದ. ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ಬರೆದ ಶಾಸನ. ಅದರಲ್ಲಿ ಇಸವಿ ಎಷ್ಟು ಬರೆದಿದೆ ಗೊತ್ತಾ? ಬರೆದೇ ಇಲ್ಲ. ಶಕವರ್ಷವೂ ಇಲ್ಲ, ಸಂವತ್ಸರವೂ ಇಲ್ಲ. ಅಕ್ಷರದ ರೂಪ, ಅದರಲ್ಲಿ ಬರುವ ರಾಜರ ಹೆಸರು, ಬೇರೆ ಶಾಸನಗಳು ಎಲ್ಲ ಇಟ್ಟು ತೂಗಿ ಐದನೇ ಶತಮಾನ ಅಂತ ಲೆಕ್ಕ ಹಾಕಿದ್ದು. ಬಾಯಿಪಾಠ ಮಾಡುತ್ತೇನೆ ಅಂದರೂ ಏನನ್ನು ಮಾಡುತ್ತೀರಿ?

ಒಳಗಿನ ಕಥೆ ಇನ್ನೂ ಚೆಂದ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದ. ಅಲ್ಲಿ ಪಲ್ಲವರ ಕಡೆಯವರ ಜೊತೆ ಜಗಳವಾಯಿತು, ಸಿಟ್ಟಿಗೆದ್ದು ಪುಸ್ತಕ ಬಿಟ್ಟು ಕತ್ತಿ ಹಿಡಿದ. ಜಗಳ ಯಾತಕ್ಕೆ? ಶಾಸನದಲ್ಲಿರುವುದು ‘ಅಶ್ವಸಂಸ್ಥ’ ಅನ್ನುವ ಪದ. ಕುದುರೆ ಸವಾರನ ಜೊತೆ ಅಂತ ಕೆಲವರು, ಅಶ್ವಮೇಧದ ವಿಷಯಕ್ಕೆ ಅಂತ ಇನ್ನು ಕೆಲವರು. ಒಂದು ಪದಕ್ಕೆ ವಿದ್ವಾಂಸರು ಇನ್ನೂ ಕಿತ್ತಾಡುತ್ತಾರೆ. ಇತಿಹಾಸ ಓದುವುದು ಅಂದರೆ ಆ ಜಗಳಕ್ಕೆ ಇಳಿಯುವುದು. ಜೊತೆಗೆ ಇನ್ನೊಂದು ಕೇಳಿಕೊಳ್ಳಬೇಕು: ಇದನ್ನು ಬರೆಸಿದ್ದು ಕದಂಬರು, ಪಲ್ಲವರನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು?

ಕೆಳದಿಯ ಶಿವಪ್ಪ ನಾಯಕನ ಕಂದಾಯ ಪದ್ಧತಿ ‘ಶಿಸ್ತು’ ಕೂಡ ಹಾಗೇ. 1660 ಅಂತ ಬರೆದರೆ ಒಂದು ಅಂಕ ಸಿಗಬಹುದು, ಕಥೆ ಮುಗಿಯಲ್ಲ. ಊರೂರಲ್ಲಿ ಒಂದೊಂದು ಬಗೆಯ ಜಮೀನು ಆರಿಸಿ 12 ವರ್ಷ ಬೆಳೆ ನೋಡಿ ಕಂದಾಯ ಕಟ್ಟಿದ ಅನ್ನುತ್ತಾರೆ. ಅನ್ನುವವರು ಯಾರು? ಕಂದಾಯ ತಗೊಂಡವರಾ, ಕೊಟ್ಟವರಾ? ಒಂದೇ ವರ್ಷ ನೋಡಿದ್ದರೆ ಏನಾಗುತ್ತಿತ್ತು? ಮಲೆನಾಡಿನ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕ್ಲಾಸ್ ಟೆಸ್ಟಿಗೆ ಮೊಬೈಲ್ ತರಬಹುದು. ಇಸವಿ ಅದರಲ್ಲಿ ಸಿಗುತ್ತದೆ, ಉತ್ತರ ಸಿಗಲ್ಲ. ಮೊದಲ ಟೆಸ್ಟಿಗೆ ಖುಷಿಯಿಂದ ಬರುವವರು ಎರಡನೇ ಟೆಸ್ಟಿಗೆ ಮೊಬೈಲ್ ಬ್ಯಾಗಿನಲ್ಲೇ ಬಿಡುತ್ತಾರೆ.

ಸಾಗರದ ಹತ್ತಿರ ಒಂದು ತೋಟದಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿತ್ತು. ಮಗುಚಿ ಹಾಕಿದ್ದರಿಂದ ಕೆತ್ತನೆ ಕೆಳಗಿತ್ತು, ಉಳಿಯಿತು. ಹುಡುಗರು ಎತ್ತಿ ನಿಲ್ಲಿಸಿ, ಬ್ರಷ್ಷಿನಲ್ಲಿ ಪಾಚಿ ತಿಕ್ಕಿ, ಒದ್ದೆ ಕಾಗದ ಹಾಸಿ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆದರು. ಕೆಳಗೆ ಜಗಳ, ಮಧ್ಯೆ ಅಪ್ಸರೆಯರು, ಮೇಲೆ ಲಿಂಗ. ಮೂಲೆಯಲ್ಲಿ ನಾಲ್ಕು ಹಸು. ಮನೆಯ ಅಮ್ಮ ಬಂದು ನೋಡಿ, “ದನಕ್ಕೋಸ್ಕರ ಸತ್ತನಾ ಪಾಪ” ಅಂದರು. ಅಷ್ಟು ಹೊತ್ತು ಯಾವ ರಾಜವಂಶ ಅಂತ ವಾದ ಮಾಡುತ್ತಿದ್ದ ನನ್ನ ವಿದ್ಯಾರ್ಥಿಗಳಿಗಿಂತ ಅವರೇ ಮುಂದಿದ್ದರು. ತುರು ಕಾಯಲು ಹೋಗಿ ಸತ್ತವನ ಕಲ್ಲು ಅದು. ಮರುದಿನ ಕ್ಲಾಸಿನಲ್ಲಿ ಹಸುವಿಗೆ ಆಗ ಎಷ್ಟು ಬೆಲೆ ಇತ್ತು ಅನ್ನುವುದೇ ಚರ್ಚೆ.

ನಿಮ್ಮೂರಲ್ಲಿ ಇಂಥ ಕಲ್ಲಿದ್ದರೆ, ಬಿ. ಎಲ್. ರೈಸ್ ಪ್ರಕಟಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೇ ಸಂಪುಟ ನೋಡಿ. ನಮ್ಮ ಶಿವಮೊಗ್ಗ ಜಿಲ್ಲೆಯದ್ದು, 1902 ಮತ್ತು 1904ರಲ್ಲಿ ಬಂದವು. ಸೊರಬ, ಸಾಗರ, ತೀರ್ಥಹಳ್ಳಿ ಅಂತ ತಾಲ್ಲೂಕುವಾರು ಒಂದೊಂದು ಶಾಸನಕ್ಕೂ ನಂಬರ್ ಹಾಕಿದ್ದಾರೆ. ನಂಬರ್ ಸಿಗದಿದ್ದರೆ ಇನ್ನೂ ಒಳ್ಳೆಯದು, ಓದದೇ ಉಳಿದ ಕಲ್ಲು ನಿಮಗೇ ಸಿಕ್ಕಿರಬಹುದು.

ಯಾರೂ ಕೇಳದ ಇನ್ನೊಂದು ಮಾತು, ಕಲ್ಲಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅಟ್ಟದ ಮೇಲಿನ ತಾಳೆಗರಿ ಕಟ್ಟು. ಓದಲು ಬರಲ್ಲ ಅಂತ ಹೊಳೆಗೆ ಬಿಡುವವರಿದ್ದಾರೆ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ ಸಿಗುವುದು ಎಷ್ಟೋ ತಿಗಳಾರಿ ಲಿಪಿಯದ್ದು. ಕನ್ನಡ ಅಲ್ಲ ಅಂತ ಗಾಬರಿ ಬೇಡ, ಓದುವವರಿದ್ದಾರೆ. ಕಪ್ಪು ಬಟ್ಟೆ ಮಡಿಸಿದ ಹಾಗಿರುವ ಕಡತ ಸಿಕ್ಕರೆ ಸೋಪು ಹಾಕಿ ಒಗೆಯಬೇಡಿ. ಹುಣಸೆ ಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದಿದ್ದು. ನೀರು ತಾಗಿದರೆ ಅಕ್ಷರ ಹೋಯಿತು. ಗರಿಗಳಿಗೆ ಲ್ಯಾಮಿನೇಷನ್ ಬೇಡ, ತೆಂಗಿನೆಣ್ಣೆಯೂ ಬೇಡ. ಸಾಲಾಗಿ ಫೋಟೋ ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ, ಒಲೆ ಹೊಗೆಯಿಂದ ದೂರ ಇಡಿ. ಆಮೇಲೆ ಕೆಳದಿ ಮ್ಯೂಸಿಯಂನಲ್ಲಿ ತೋರಿಸಿ. ಅಲ್ಲಿ ಇಂಥವು ಬೇಕಾದಷ್ಟಿವೆ, ನೋಡಿದವರಿಗೆ ಏನೆಂದು ಗೊತ್ತಾಗುತ್ತದೆ.

ತೀರ್ಥಹಳ್ಳಿಯ ತಂದೆಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಟ್ಟದಲ್ಲಿ ಒಂದು ಕಟ್ಟಿದೆ ಸರ್, ಅವಳೇ ಇಳಿಸಿ ಇಟ್ಕೊಂಡಿದ್ದಾಳೆ” ಅಂದರು.