ದಕ್ಷಿಣ ಲೊನಾಕ್: ಬೆಳೆಯುತ್ತಲೇ ಹೋದ ಸರೋವರ

ಉತ್ತರ ಸಿಕ್ಕಿಂನ ತುದಿಯಲ್ಲಿ, ಸುಮಾರು 5,200 ಮೀಟರ್ ಎತ್ತರದಲ್ಲಿ ದಕ್ಷಿಣ ಲೊನಾಕ್ ಸರೋವರವಿದೆ. ಹತ್ತಿರದಲ್ಲಿ ಊರಿಲ್ಲ, ಮರಗಿಡವೂ ಇಲ್ಲ. 1970ರ ದಶಕದ ಉಪಗ್ರಹ ಚಿತ್ರಗಳಲ್ಲಿ ಅದು ಹೆಚ್ಚೆಂದರೆ 20 ಹೆಕ್ಟೇರಿನ ಕೊಳ. 2023ರ ಸೆಪ್ಟೆಂಬರ್ 28ರಂದು ಇಸ್ರೋ ಅಳೆದಾಗ 167 ಹೆಕ್ಟೇರ್ ಆಗಿತ್ತು.

ಇಂಥ ಸರೋವರ ಹುಟ್ಟುವುದು ಹಿಮನದಿಯ ಬುಡದಲ್ಲಿ. ಹಿಮನದಿ ಇಳಿಜಾರಿನಲ್ಲಿ ನಿಧಾನಕ್ಕೆ ಜಾರುವಾಗ ಕೆಳಗಿನ ಬಂಡೆಯನ್ನು ಉಜ್ಜಿ ಗುಂಡಿ ತೋಡುತ್ತದೆ. ಬಂಡೆ, ಜಲ್ಲಿ, ಮಣ್ಣು ಎಲ್ಲವನ್ನೂ ತಳ್ಳಿಕೊಂಡು ಬಂದು ಮುಂದೆ ಮತ್ತು ಅಕ್ಕಪಕ್ಕ ದಿಬ್ಬ ಹಾಕುತ್ತದೆ. ಈ ದಿಬ್ಬಕ್ಕೆ ಮೊರೇನ್ ಎನ್ನುತ್ತಾರೆ. ಮಂಜು ಕರಗಿ ಹಿಮನದಿ ಹಿಂದೆ ಸರಿದಾಗ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಆ ನೀರೇ ಹಿಮನದಿಯ ಬುಡವನ್ನು ಕೊರೆಯತೊಡಗುತ್ತದೆ. ಅಡಿ ಸವೆದಂತೆ ಮೇಲಿನ ಮಂಜು ಮುರಿದು ಬೀಳುತ್ತದೆ, ಸರೋವರ ಇನ್ನಷ್ಟು ಹಿಂದಕ್ಕೆ ಚಾಚುತ್ತದೆ. ಒಮ್ಮೆ ಶುರುವಾದರೆ ಬೆಳವಣಿಗೆ ಜೋರಾಗುವುದು ಇದಕ್ಕೇ.

ಆದರೆ ನೀರಿನ ಸುತ್ತ ಇರುವ ಗೋಡೆ ಬಂಡೆಯದಲ್ಲ, ಸಡಿಲ ರಾಶಿ. ಒಳಗೆ ಹೆಪ್ಪುಗಟ್ಟಿದ ಮಂಜು ಜಲ್ಲಿಯನ್ನು ಹಿಡಿದಿಟ್ಟಿರುತ್ತದೆ. ಹವೆ ಬಿಸಿಯಾದಂತೆ ಆ ಹಿಡಿತ ಸಡಿಲಾಗುತ್ತದೆ. ಲೊನಾಕ್‌ನ ಉತ್ತರ ದಂಡೆಯ ದಿಬ್ಬದ ಕೆಲವು ಭಾಗಗಳು 2016ರಿಂದ ವರ್ಷಕ್ಕೆ 15 ಮೀಟರ್‌ವರೆಗೂ ಸರಿಯುತ್ತಿದ್ದವು ಎಂದು ಉಪಗ್ರಹ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು ನಂತರ ಕಂಡುಕೊಂಡರು. ಒಂದು ಗುಡ್ಡದ ಬದಿ ವರ್ಷಕ್ಕೆ 15 ಮೀಟರ್ ಜಾರುವುದು ಸಾಮಾನ್ಯ ಸಂಗತಿ ಅಲ್ಲವೇ ಅಲ್ಲ.

2023ರ ಅಕ್ಟೋಬರ್ 3ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಆ ದಂಡೆ ಕುಸಿಯಿತು. ಸುಮಾರು 1.47 ಕೋಟಿ ಘನ ಮೀಟರ್ ಹೆಪ್ಪುಗಟ್ಟಿದ ಮಣ್ಣು-ಕಲ್ಲು ಒಮ್ಮೆಲೇ ನೀರಿಗೆ ಬಿತ್ತು. ಎದ್ದ ಅಲೆ ಸುಮಾರು 20 ಮೀಟರ್ ಎತ್ತರದ್ದು. ಅದು ಮುಂದಿನ ದಿಬ್ಬವನ್ನು ಕೊಚ್ಚಿಕೊಂಡು ದಾರಿ ಮಾಡಿಕೊಂಡಿತು. ಸುಮಾರು 5 ಕೋಟಿ ಘನ ಮೀಟರ್ ನೀರು ತೀಸ್ತಾ ನದಿಯ ಕಣಿವೆಗೆ ಇಳಿಯಿತು. ಬರುವ ದಾರಿಯಲ್ಲಿ ದಡಗಳನ್ನು ಕೆರೆದು, ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಮಣ್ಣು-ಕಲ್ಲನ್ನು ಹೊತ್ತು ತಂದಿತು. ನಡುರಾತ್ರಿ ಕಳೆಯುತ್ತಿದ್ದಂತೆ, 60 ಕಿ.ಮೀ.ಗೂ ಹೆಚ್ಚು ಕೆಳಗಿದ್ದ ಚುಂಗ್‌ಥಾಂಗ್‌ನ ತೀಸ್ತಾ-3 ಅಣೆಕಟ್ಟು ಕೊಚ್ಚಿಹೋಯಿತು. ಮಲಗಿದ್ದ ಜನ, ನದಿ ದಂಡೆಯ ಮನೆಗಳು, ಸೇತುವೆಗಳು ಹೋದವು. ಎಷ್ಟೋ ಜನರ ಶವ ಕೂಡ ಸಿಗಲಿಲ್ಲ.

ಅಪಾಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2016ರಲ್ಲೇ ಪೈಪು ಹಾಕಿ ಸ್ವಲ್ಪ ನೀರು ಹೊರತೆಗೆದಿದ್ದರು. ದುರಂತಕ್ಕೆ ಕೆಲವೇ ವಾರ ಮುಂಚೆ ಅಲ್ಲಿ ಹವಾಮಾನ ಉಪಕರಣ ಮತ್ತು ಕ್ಯಾಮೆರಾ ಇಟ್ಟಿದ್ದರು. ಆದರೆ ಸೈರನ್ ಊದಿ ಕೆಳಗಿನವರನ್ನು ಎಬ್ಬಿಸುವ ವ್ಯವಸ್ಥೆ ಇನ್ನೂ ಪೂರ್ತಿ ಆಗಿರಲಿಲ್ಲ. ನನಗೆ ತುಂಬಾ ನೋವಾಗುವುದು ಇಲ್ಲೇ. ಕುಸಿತಕ್ಕೂ ಪ್ರವಾಹ ಚುಂಗ್‌ಥಾಂಗ್ ತಲುಪುವುದಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹತ್ತಿರದ ಗುಡ್ಡ ಹತ್ತಲು ಅಷ್ಟು ಹೊತ್ತು ಸಾಕಾಗುತ್ತಿತ್ತು.

ಸರೋವರ ಚಿಕ್ಕದಾಗಿದೆಯೇ ಹೊರತು ಹೋಗಿಲ್ಲ. ಇಸ್ರೋ ಚಿತ್ರದಲ್ಲಿ ಅಕ್ಟೋಬರ್ 4ರಂದು 60 ಹೆಕ್ಟೇರ್ ಉಳಿದಿತ್ತು, ಹಿಮನದಿ ಅದಕ್ಕೆ ಇನ್ನೂ ನೀರು ಸೇರಿಸುತ್ತಲೇ ಇದೆ. ಇತ್ತ ತೀಸ್ತಾ-3ರ ಜಾಗದಲ್ಲಿ ಮೊದಲಿನ 60 ಮೀಟರಿಗೆ ಬದಲು 118 ಮೀಟರಿಗೂ ಎತ್ತರದ ಕಾಂಕ್ರೀಟ್ ಅಣೆಕಟ್ಟು ಕಟ್ಟಲು 2025ರ ಜನವರಿಯಲ್ಲಿ ಕೇಂದ್ರದ ತಜ್ಞರ ಸಮಿತಿ ಒಪ್ಪಿಗೆಗೆ ಶಿಫಾರಸು ಮಾಡಿತು.