ಜಗನ್ಮೋಹನದ ದೀಪ, ಮಾನಸಗಂಗೋತ್ರಿಯ ಮೊರ

ಮೈಸೂರಿನ ಜಗನ್ಮೋಹನ ಅರಮನೆ ನೋಡಿ ಬಂದವರು ಉಳಿದದ್ದೆಲ್ಲ ಮರೆತರೂ ದೀಪದ ಹುಡುಗಿಯನ್ನು ಮರೆಯುವುದಿಲ್ಲ. ಸುತ್ತ ಕತ್ತಲು, ಕೈಯಲ್ಲೊಂದು ದೀಪ, ಬೆರಳ ಸಂದಿಯಿಂದ ಕೆಂಪಗೆ ತೂರಿಬರುವ ಬೆಳಕು. ರವಿವರ್ಮನೇ ಬರೆದದ್ದು ಅಂತ ನಂಬಿಕೊಂಡು ಮನೆಗೆ ಹೋಗುವವರು ಇವತ್ತಿಗೂ ಇದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲದಣಕರ್. 1945-46ರ ಹೊತ್ತಿನ ಜಲವರ್ಣ ಅದು. ಸೀರೆಯುಟ್ಟು ನಿಂತವರು ಅವರ ಮಗಳು ಗೀತಾ. 2018ರಲ್ಲಿ 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಚಿತ್ರದೊಳಗೆ ನಿಂತ ಹೆಣ್ಣಿನ ಹೆಸರು ನಮಗೆ ಗೊತ್ತು. ಚಿತ್ರ ಬರೆದ ಒಬ್ಬ ಹೆಣ್ಣಿನ ಹೆಸರು ಹೇಳಿ ಅಂದರೆ ಹಳೇ ಮೈಸೂರಿಗರೂ ತಡವರಿಸುತ್ತಾರೆ.

ಮ್ಯೂಸಿಯಂಗಳಲ್ಲಿ ಹೆಂಗಸರ ಕೃತಿ ಎಷ್ಟಿದೆ ಅಂತ ಎಣಿಸುವ ಕೆಲಸ ಬೇರೆ ದೇಶಗಳಲ್ಲಿ ಶುರುವಾಗಿ ಬಹಳ ಕಾಲವಾಯಿತು. ವಾಷಿಂಗ್ಟನ್‌ನಲ್ಲಿ 1987ರಲ್ಲಿ ಕಲಾವಿದೆಯರಿಗೆ ಅಂತಲೇ ಒಂದು ಮ್ಯೂಸಿಯಂ ತೆರೆಯಿತು. ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಗೋಜಲಾಗುತ್ತದೆ. ಒಬ್ಬರು ಚಿತ್ರದಲ್ಲಿರುವ ಹೆಂಗಸರ ಬಗ್ಗೆ ಮಾತಾಡುತ್ತಾರೆ, ಇನ್ನೊಬ್ಬರು ಕುಂಚ ಹಿಡಿದವರ ಬಗ್ಗೆ. ಮೊರ, ಬುಟ್ಟಿ, ಕೌದಿಗಳನ್ನು ಮಾಡಿದವರ ಸುದ್ದಿಗೆ ಯಾರೂ ಹೋಗುವುದಿಲ್ಲ.

ಮೊದಲು ಅರಮನೆಯ ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ 1915ರಲ್ಲಿ ಚಿತ್ರಶಾಲೆಯಾಯಿತು. ಮುಂದೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ನೆರವಿನಿಂದ ಬಂಗಾಳದ ಹೊಸ ಚಿತ್ರಗಳೂ ಬಂದವು. ಆ ಕಾಲದಲ್ಲಿ ಒಂದು ಚಿತ್ರ ಅರಮನೆ ಸೇರಬೇಕಾದರೆ ಅದಕ್ಕೊಂದು ದಾರಿ ಇತ್ತು. ಗುರುವಿನ ಹತ್ತಿರ ಕಲಿಯಬೇಕು, ಊರೂರು ಸುತ್ತಬೇಕು, ದಿವಾನರ ಪರಿಚಯ ಬೇಕು, ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕು. ರವಿವರ್ಮನಿಗೆ ಅದೆಲ್ಲ ಸಾಧ್ಯವಾಯಿತು, ಜೊತೆಗೆ ತಿರುಗಿದ ತಮ್ಮನಿಗೂ ಆಯಿತು. ತಂಗಿ ಮಂಗಳಾಬಾಯಿಯೂ ಚಿತ್ರ ಬರೆಯುತ್ತಿದ್ದರು. ಅವರು ಬರೆದ ಅಣ್ಣನ ಭಾವಚಿತ್ರ ತಿರುವನಂತಪುರದ ಶ್ರೀ ಚಿತ್ರಾ ಗ್ಯಾಲರಿಯಲ್ಲಿದೆ. ಬಂಗಾಳದಲ್ಲೂ ಅದೇ ಕಥೆ. ಅವನೀಂದ್ರನಾಥ ಠಾಕೂರರ ತಂಗಿ ಸುನಯನಿ ದೇವಿ ಯಾವ ಶಾಲೆಗೂ ಹೋಗದೆ, ಮದುವೆಯಾಗಿ ಸಂಸಾರ ತೂಗಿಸುತ್ತಲೇ, ಮೂವತ್ತರ ಆಸುಪಾಸಿನಲ್ಲಿ ಕುಂಚ ಹಿಡಿದರು. ಅಣ್ಣತಮ್ಮಂದಿರು ದೇಶಕ್ಕೆಲ್ಲ ಗೊತ್ತು. ಇವರು ಕಲೆ ಓದಿದವರಿಗೆ ಮಾತ್ರ ಗೊತ್ತು.

ಮೈಸೂರು ಶೈಲಿಯ ಚಿತ್ರಗಳ ಮಾತು ಸ್ವಲ್ಪ ಬೇರೆ. ಗೆಸ್ಸೊ ಅನ್ನುವ ಉಬ್ಬು ಲೇಪ ಹಚ್ಚಿ, ಚಿನ್ನದ ರೇಕು ಕೂರಿಸುವ ಆ ಕೆಲಸ ಚಿತ್ರಗಾರರ ಮನೆತನಗಳದ್ದು. ಹಳೆಯವುಗಳಲ್ಲಿ ಸಹಿ ಸಿಗುವುದೇ ಅಪರೂಪ. ಅಂದಮೇಲೆ ಗಂಡಸರ ಹೆಸರೂ ಹೋಗಿದೆ, ಅಲ್ವಾ? ನಿಜ. ಆದರೆ ಮನೆಯೇ ಕಾರ್ಖಾನೆಯಾಗಿದ್ದ ಕಡೆ ಇಡೀ ಕೆಲಸ ಗಂಡಸರ ಕೈಯಲ್ಲೇ ಆಯಿತು ಅಂತ ನಂಬುವುದು ನನಗೆ ಕಷ್ಟ. ಈಗ ನೋಡಿದರೆ ಮೈಸೂರಿನ ಬಡಾವಣೆಗಳಲ್ಲಿ ಇದೇ ಶೈಲಿಯನ್ನು ಕಲಿಯುವವರಲ್ಲಿ, ಕಲಿಸುವವರಲ್ಲಿ ಹೆಂಗಸರೇ ಜಾಸ್ತಿ ಕಾಣುತ್ತಾರೆ.

ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಮಾನಸಗಂಗೋತ್ರಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣ. 1897ರಲ್ಲಿ ಹಳೇ ಅರಮನೆ ಸುಟ್ಟುಹೋಯಿತಲ್ಲ, ಅದು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯ. ಅದೇ ರಾಜಕುಮಾರಿಗಾಗಿ ಆಮೇಲೆ ಕಟ್ಟಿದ್ದು ಈ ಆವರಣದಲ್ಲಿರುವ ಜಯಲಕ್ಷ್ಮೀ ವಿಲಾಸ. ಹೀಗೆ ಹೆಣ್ಣುಮಗಳೊಬ್ಬಳ ಹೆಸರು ಹೊತ್ತ ಈ ಬಂಗಲೆಗೆ 1968ರ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಬಂತು. ಸಾಹಿತಿ ದೇಜಗೌ ಬೆನ್ನಿಗೆ ನಿಂತರು. ನಾಗಮಂಗಲ ಸೀಮೆಯ ಜಾನಪದ ವಿದ್ವಾಂಸ ಜೀಶಂಪ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ಅಲೆದು ವಸ್ತುಗಳನ್ನು ತಂದರು. ಆ ಸಂಗ್ರಹದಲ್ಲಿ 6,500ಕ್ಕೂ ಹೆಚ್ಚು ವಸ್ತುಗಳಿವೆ. ಅವರು ಅವತ್ತು ತರದೇ ಹೋಗಿದ್ದರೆ ಎಷ್ಟೋ ವಸ್ತು ಒಲೆಗೋ ಗುಜರಿಗೋ ಹೋಗುತ್ತಿದ್ದವು. ಆ ಉಪಕಾರ ಸಣ್ಣದಲ್ಲ.

ಜಾನಪದ ವಸ್ತು ಸಂಗ್ರಹಿಸುವವರಿಗೆ ಆಗ ಇದ್ದ ಪದ್ಧತಿ ಎಲ್ಲ ಕಡೆಯೂ ಒಂದೇ. ವಸ್ತು ಯಾವುದು, ಯಾವ ಊರಿನದು, ಕೊಟ್ಟವರು ಯಾರು. ಮಾಡಿದವರು ಯಾರು ಅಂತ ಕೇಳುವ ರೂಢಿ ಇರಲಿಲ್ಲ. ಜನಪದ ಅಂದರೆ ಎಲ್ಲರದ್ದೂ, ಒಬ್ಬರದ್ದಲ್ಲ ಎಂಬುದು ಆ ಕಾಲದ ದೊಡ್ಡ ನಂಬಿಕೆ. ಆ ನಂಬಿಕೆಯಲ್ಲಿ ಒಂದು ಸೊಗಸೂ ಇತ್ತು. ಆದರೆ ಒಂದು ಕೌದಿ ತಗೊಳ್ಳಿ. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತಾ ಬರುವ ಅಜ್ಜಿ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂರಬೇಕು ಅಂತ ತಾನೇ ತೀರ್ಮಾನ ಮಾಡುತ್ತಾಳೆ. ಅದು ಊರಿನ ತೀರ್ಮಾನ ಅಲ್ಲ. ಇದು ಯಾರ ಕೈಯ ಕೌದಿ ಅಂತ ಬೀದಿಯವರು ನೋಡಿದ ಕೂಡಲೇ ಹೇಳುತ್ತಿದ್ದರು. ತೊಗಲುಗೊಂಬೆ ಆಟದಲ್ಲೂ ಅಷ್ಟೇ, ಪರದೆ ಹಿಂದೆ ಗಂಡ ಗೊಂಬೆ ಆಡಿಸಿದರೆ ಹೆಂಡತಿ ಹಾಡುತ್ತಾಳೆ. ಗೊಂಬೆ ಮ್ಯೂಸಿಯಂಗೆ ಬರುತ್ತದೆ, ಹಾಡು ಅಲ್ಲೇ ಉಳಿಯುತ್ತದೆ.

ಊರಲ್ಲಿ ಹೆಸರಿದ್ದ ಕೈ ಗಾಜಿನ ಪೆಟ್ಟಿಗೆಯ ಹಿಂದೆ ಬಂದ ಮೇಲೆ ಹೆಸರು ಕಳೆದುಕೊಳ್ಳುತ್ತದೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಸುಮ್ನೆ, ಕೇಳಲಿಲ್ಲ ಅಷ್ಟೇ.

ನಂತರದ ದಶಕಗಳಲ್ಲಿ ಹೆಣ್ಣುಮಕ್ಕಳು ಕಲಾಶಾಲೆ ಸೇರಿದರು, ಸಹಿ ಹಾಕಿದರು. ಟಿ. ನರಸೀಪುರದಲ್ಲಿ 1942ರಲ್ಲಿ ಹುಟ್ಟಿದ ಕನಕಾ ಮೂರ್ತಿ ಕಲ್ಲಿನ ಶಿಲ್ಪವನ್ನೇ ಹಿಡಿದರು. ಉಳಿ ಸುತ್ತಿಗೆ ಹೆಂಗಸರದ್ದಲ್ಲ ಅನ್ನುತ್ತಿದ್ದ ಕಾಲದಲ್ಲಿ ದೇವಲಕುಂದ ವಾದಿರಾಜರು ಅವರಿಗೆ ಕಲಿಸಿದರು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿರುವ ರೈಟ್ ಸಹೋದರರ ಪ್ರತಿಮೆ ಅವರದ್ದು. ಅದನ್ನು ನೋಡಿ ಬಂದ ಮಕ್ಕಳು ವಿಮಾನದ ಬಗ್ಗೆ ಹೇಳುತ್ತಾರೆ, ಕೆತ್ತಿದವರ ಬಗ್ಗೆ ಅಲ್ಲ. 2021ರಲ್ಲಿ ಕೋವಿಡ್ ಅವರನ್ನು ಕರೆದುಕೊಂಡಿತು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸಗಣಿ, ಕುಂಕುಮ, ದಾರಗಳಿಂದ ಕೃತಿ ಕಟ್ಟಿದವರು. ದೃಷ್ಟಿಯಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ ಕೂದಲ ಹಗ್ಗ, ಅದರಿಂದ ಮಾಡಿದ ಅವರ ಕೃತಿ ಈಗ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂ ಸಂಗ್ರಹದಲ್ಲಿದೆ. ಹೆಸರಿನ ಸಮೇತ. ಅದೇ ಸಗಣಿ, ಅದೇ ದಾರ ಹಿಡಿದ ನಮ್ಮ ಅಜ್ಜಿಯರ ಕೆಲಸದ ಕೆಳಗೆ ಮಾತ್ರ ಹೆಸರಿಲ್ಲ.

ಇಷ್ಟು ವರ್ಷವಾದ ಮೇಲೆ ಹೆಸರು ಎಲ್ಲಿಂದ ಹುಡುಕುವುದು ಅಂತ ಕೇಳುವವರಿದ್ದಾರೆ. ಯಾವ ಊರಿನದು ಅಂತ ಬರೆದಿಟ್ಟ ವಸ್ತುವಾದರೆ ದಾರಿ ಇದೆ. ಆ ಊರಿಗೆ ವಸ್ತುವಿನ ಫೋಟೊ ಹಿಡಿದುಕೊಂಡು ಹೋಗಿ, ಜಗುಲಿ ಮೇಲೆ ಕೂತ ಹಿರಿಯರಿಗೆ ತೋರಿಸಿದರೆ ಕೆಲವು ಕೈಗಳಾದರೂ ಗುರುತು ಸಿಗಬಹುದು. 1968ರಲ್ಲಿ ಮೂವತ್ತು ವರ್ಷದವರಾಗಿದ್ದ ಹೆಂಗಸರಿಗೆ ಈಗ ತೊಂಬತ್ತರ ಹತ್ತಿರ.